ಹಿತ್ತಾಳೆ ಬಿಂದಿಗೆಯ ಒಳಮೈ

ಏಪ್ರಿಲ್ 6, ಭಾನುವಾರ

ಪ್ರೀತಿಯ ಅಕ್ಕಾ,

ಈ ತಿಂಗಳ ಎರಡನೇ ತಾರೀಖು, ಬುಧವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ನಮ್ಮೂರ ವಸ್ತುಸಂಗ್ರಹಾಲಯದವರು ಅಮ್ಮನ ಹೆಸರನ್ನು ಉಜ್ಜಿ ಅಳಿಸಿಹಾಕಿದರು. ಅಮ್ಮನದೊಂದೇ ಅಲ್ಲ, ಇನ್ನೂರ ಹನ್ನೆರಡು ಮನೆಗಳ ಹೆಂಗಸರ ಹೆಸರು. ಕರೆಂಟಿನಲ್ಲಿ ತಿರುಗುವ ಚಕ್ರ ತರಿಸಿ, ಕೆಂಪು ಮುಲಾಮು ಹಚ್ಚಿ, ಒಂದಾದ ಮೇಲೊಂದು. ಇದನ್ನು ಮೊದಲು ಬರೆಯದಿದ್ದರೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ, ಅದಕ್ಕೇ ಬರೆದುಬಿಟ್ಟೆ. ಈಗ ಕ್ಷೇಮ ಸಮಾಚಾರ.

ನಿನ್ನ ಮಂಡಿ ಹೇಗಿದೆ? ಭಾವನವರ ಹೊಸ ಕನ್ನಡಕ ಬಂತೇ, ಇಲ್ಲ ಇನ್ನೂ ನಿನ್ನ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದಾರೆಯೇ? ಮೂರು ತಿಂಗಳಿಂದ ಕಾಗದ ಬರೆಯಲಿಲ್ಲ, ತಪ್ಪಾಯಿತು. ನಿನ್ನ ಎರಡು ಕಾಗದ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ಬರೆಯದೆ ಇದ್ದದ್ದಕ್ಕೆ ಕಾರಣ ಸೋಮಾರಿತನವಲ್ಲ. ಒಂದು ಸುದ್ದಿ ಪಕ್ಕಾ ಆಗಲಿ, ಆಮೇಲೆ ಬರೆಯೋಣ ಎಂದು ಕಾದೆ. ನಲವತ್ತು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವಳಿಗೆ ಪಕ್ಕಾ ಆಗದ ಸುದ್ದಿ ಬರೆಯಲು ಕೈ ಬರುವುದಿಲ್ಲ. ಕಾದದ್ದೇ ತಪ್ಪಾಯಿತು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ, ಬೈಯಬೇಡ. ಸಿಟ್ಟು ಬಂದಾಗ ನನಗೆ ನಡುವಿನಿಂದ ಹೇಳಲು ಬರುವುದಿಲ್ಲ.

ಯುದ್ಧದ ಎರಡನೇ ವರ್ಷ, ನನಗೆ ಹನ್ನೊಂದು, ನಿನಗೆ ಹದಿನೇಳು. ನಗರಸಭೆಯವರು ಗಾಡಿಗೆ ಮೈಕು ಕಟ್ಟಿಕೊಂಡು ಬೀದಿ ಬೀದಿ ತಿರುಗಿದ್ದು ನೆನಪಿದೆಯಲ್ಲ? "ಮನೆಗೊಂದು ಲೋಹದ ಪಾತ್ರೆ ಕೊಡಿ, ಕರಗಿಸಿ ಗುಂಡು ಮಾಡುತ್ತೇವೆ." ಅಮ್ಮ ತವರಿನಿಂದ ತಂದ ಹಿತ್ತಾಳೆ ಬಿಂದಿಗೆಯನ್ನೇ ಕೊಟ್ಟಳು. ಕುತ್ತಿಗೆಯ ಸುತ್ತ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಹೊಡೆಸಿದ್ದ ಬಿಂದಿಗೆ. ಅಲ್ಲಿ ಕೂತಿದ್ದ ಗುಮಾಸ್ತ, "ರಸೀದಿ ಪುಸ್ತಕ ಮುಗಿದಿದೆ ತಾಯಿ, ನಾಳೆ ಬನ್ನಿ" ಎಂದ. ಮರುದಿನ ಹೋದರೆ ಅವನಿಲ್ಲ, ಇನ್ನೊಬ್ಬನಿದ್ದ. ಆ ಇನ್ನೊಬ್ಬನಿಗೆ ಏನೂ ಗೊತ್ತಿಲ್ಲ. ಹದಿನೈದು ದಿನಕ್ಕೆ ವಾರ್ಡ್ ಕಚೇರಿಯ ಹಲಗೆಯ ಮೇಲೆ ಒಂದು ಪಟ್ಟಿ ಅಂಟಿತು: "ದೇಶಕ್ಕೆ ಪಾತ್ರೆ ಕೊಡದ ಮನೆಗಳು." ಹದಿನಾಲ್ಕು ಮನೆ. ಒಂಬತ್ತನೆಯದು ನಮ್ಮದು. ಆಮೇಲೆ ಕಿರಾಣಿ ಅಂಗಡಿಯವನು ಅಮ್ಮನ ಮುಖ ನೋಡಿ ಮಾತಾಡಿದ್ದು ನಾನು ಕಾಣೆ. ಅಮ್ಮ ಸಾಯುವ ತನಕ ಒಂದೇ ಮಾತು ಹೇಳಿದಳು, "ಕೊಟ್ಟಿದೀನಿ." ನಂಬಿದವರು ಎಷ್ಟು ಜನ ಎಂದು ನೀನೇ ಲೆಕ್ಕ ಹಾಕು.

ಈಗ ಜನವರಿಗೆ ಬಾ. ನಮ್ಮ ಹಳೇ ಸಾಮಾನಿನ ವ್ಯಾಪಾರಿ ತುಕ್ಕಣ್ಣನ ಬಗ್ಗೆ ನಿನಗೆ ಎಷ್ಟೋ ಸಲ ಬರೆದಿದ್ದೇನೆ. ಯುದ್ಧಕಾಲದ ಸಾಮಾನಿನ ನನ್ನ ಸಂಗ್ರಹದ ಅರ್ಧ ಭಾಗ ಅವನ ಗಾಡಿಯಿಂದ ಇಳಿದದ್ದು. ಕಿಟಕಿಗೆ ಅಂಟಿಸುತ್ತಿದ್ದ ಕಪ್ಪು ಕಾಗದ, ಅದರಲ್ಲಿ ಯಾವುದೋ ಮಗು ವಿಮಾನ ನೋಡಲೆಂದು ಸೂಜಿಯಿಂದ ಮಾಡಿದ ತೂತು ಸಮೇತ, ಅವನೇ ತಂದದ್ದು. ಸೈರನ್ ತಾಲೀಮಿನ ಸೀಟಿಗಳು, ಅರ್ಧ ಹೆಣೆದು ಕಡ್ಡಿಯ ಮೇಲೇ ನಿಂತ ಸೈನಿಕರ ಕಾಲುಚೀಲ, "ಬೆಂಕಿಗೆ ಮಾತ್ರ" ಎಂದು ಬರೆದ ಮರಳಿನ ಬಕೆಟ್ಟಿನಲ್ಲಿ ಯಾರೋ ಬೆಳೆಸಿದ್ದ ಗುಲಾಬಿ, ಎಲ್ಲವೂ ಅವನ ಕೃಪೆ. (ಗುಲಾಬಿ ಈಗಲೂ ಬಿಡುತ್ತಿದೆ.) ಅವನು ಜನವರಿಯಲ್ಲಿ ಒಂದು ಬೆಳಿಗ್ಗೆ ಏದುಸಿರು ಬಿಡುತ್ತಾ ಬಂದು ಬಾಗಿಲು ಬಡಿದ.

"ಮೇಡಮ್ಮಾ, ಚಪ್ಪಲಿ ಹಾಕ್ಕೊಳ್ಳಿ. ನಿಮ್ಮ ಯುದ್ಧ ಸಿಕ್ಕಿದೆ."

"ಯಾವ ಯುದ್ಧನೋ?"

"ಹಳೇ ಪಂಪ್‌ಹೌಸ್ ಒಡೀತಿದಾರಲ್ಲ, ಅದರ ಹಿಂದೆ ಒಂದು ಕೋಣೆ. ಬಾಗಿಲೇ ಇಲ್ಲ, ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟಿದಾರೆ. ಒಳಗೆ ಬರೀ ಪಾತ್ರೆ. ಸೂರು ಮುಟ್ಟೋವರೆಗೂ!"

ಹೋದೆ. ಒಡೆದ ಗೋಡೆಗೆ ಆಗಲೇ ನಿಲ್ಲಿಸಿದ್ದ ಕಬ್ಬಿಣದ ಜಾಲರಿಯ ಆಚೆ, ಬೆಳಕು ಬಿದ್ದಷ್ಟು ಜಾಗದಲ್ಲಿ, ಬಿಂದಿಗೆ, ತಪ್ಪಲೆ, ಹಂಡೆ. ಹಸಿರುಗಟ್ಟಿದ ಕುತ್ತಿಗೆಗಳ ಮೇಲೆ ಚುಕ್ಕಿಯ ಹೆಸರುಗಳು. ಅರವತ್ತೈದು ವರ್ಷ ಅವು ಅಲ್ಲೇ ಕೂತಿದ್ದವು. ಒಂದೂ ಕರಗಲಿಲ್ಲ, ಒಂದು ಗುಂಡೂ ಆಗಲಿಲ್ಲ. ಸಂತೋಷಕ್ಕೆ ಜಾಲರಿಗೆ ಹಣೆ ಒತ್ತಿ ನಿಂತುಬಿಟ್ಟೆ, ಅಕ್ಕಾ. ಅಮ್ಮನ ಬಿಂದಿಗೆ ಅಲ್ಲಿದ್ದರೆ, ಅದರ ಮೇಲೆ ಅವಳ ಹೆಸರಿದ್ದರೆ, ಅವಳು ಕೊಟ್ಟಿದ್ದಕ್ಕೆ ಅದಕ್ಕಿಂತ ದೊಡ್ಡ ರಸೀದಿ ಬೇಕೇ?

ಜಾಲರಿಗೆ ಬೀಗ ಹಾಕಿದ್ದರು. ಒಳಗೆ ಬಿಡಲಿಲ್ಲ. ಎಲ್ಲವೂ ವಸ್ತುಸಂಗ್ರಹಾಲಯಕ್ಕೆ ಹೋಗುತ್ತದೆ ಎಂದರು. ಅವತ್ತೇ ನಾನು ಅಲ್ಲಿನ ಹೊಸ ನಿರ್ದೇಶಕರಿಗೆ ಅರ್ಜಿ ಬರೆದೆ: ಬೇರೆ ಏನೇ ಮಾಡುವ ಮೊದಲು ಪ್ರತಿ ಪಾತ್ರೆಯ ಮೇಲಿನ ಹೆಸರನ್ನು ಬರೆದುಕೊಳ್ಳಿ, ಆ ಕೆಲಸಕ್ಕೆ ನಾನೇ ಬರುತ್ತೇನೆ. ಅವರು ಫೋನಿನಲ್ಲಿ "ಖಂಡಿತ ಮೇಡಂ, ಒಳ್ಳೇ ಸಲಹೆ" ಎಂದರು. ನನ್ನ ಅರ್ಜಿ ಅವರ ಮೇಜಿನ ಮೇಲೆ 'ಸಲಹೆಗಳು' ಎಂಬ ತಟ್ಟೆಯಲ್ಲಿ ಅಂದಿನಿಂದ ಮಲಗಿತ್ತು, ಮೊನ್ನೆ ನಾನೇ ಎತ್ತಿ ತೋರಿಸಿದೆ.

ಗುರುವಾರ ಕರೆ ಬಂತು. "ಬನ್ನಿ ಮೇಡಂ, ಪ್ರದರ್ಶನಕ್ಕೆ ರೆಡಿ ಮಾಡಿದೀವಿ." ಹೋದರೆ ಉದ್ದಕ್ಕೂ ಬಂಗಾರದ ಸಾಲು. ಕಣ್ಣು ಕುಕ್ಕುತ್ತಿತ್ತು.

"ಎಷ್ಟು ಕಪ್ಪಗಿದ್ವು ಗೊತ್ತಾ? ಈಗ ಮುಖ ನೋಡ್ಕೋಬಹುದು!" ಎಂದರು ನಿರ್ದೇಶಕರು.

"ನೋಡ್ಕೊಂಡೆ. ಸಿಟ್ಟು ಬಂದಿರೋ ಮುಖ ಕಾಣಿಸ್ತು. ಹೆಸರುಗಳೆಲ್ಲಿ?"

"ಯಾವ ಹೆಸರು?" ಆಮೇಲೆ, ಪಾಪ, ಮುಖ ಅರಳಿಸಿಕೊಂಡು, "ಓ, ಕತ್ತಿನ ಹತ್ರ ಇದ್ದ ಗೀರುಗಳಾ? ಎಲ್ಲಾ ಹೋದ್ವು ಮೇಡಂ. ಒಂದೂ ಉಳಿದಿಲ್ಲ!"

ನಾನು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತೆ. ಆಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ.

ಇನ್ನೂರ ಹನ್ನೆರಡರಲ್ಲಿ ಬಿಂದಿಗೆಗಳೇ ತೊಂಬತ್ತು. ಎಲ್ಲವೂ ಒಂದೇ ಅಚ್ಚು, ಒಂದೇ ಹೊಳಪು. ಅಮ್ಮನದು ಅದರಲ್ಲಿತ್ತೇ ಇಲ್ಲವೇ ಎಂದು ಹೇಳುವ ದಾರಿ ನನಗೆ ಕಾಣುತ್ತಿಲ್ಲ. ಮೊದಲ ಸಾಲಿನಲ್ಲಿ ಅಮ್ಮನ ಹೆಸರು ಅಳಿಸಿದರು ಎಂದು ಬರೆದೆನಲ್ಲ, ಅದು ಪಕ್ಕಾ ಸುದ್ದಿಯಲ್ಲ. ಆದರೂ ತಿದ್ದುವುದಿಲ್ಲ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುದ್ದು.

ನಿನ್ನ ತಂಗಿ,
ಪಿಟೀಲು

&nbsp;

ಏಪ್ರಿಲ್ 28, ಸೋಮವಾರ

ಅಕ್ಕಾ,

ಈ ಕಾಗದವನ್ನು ನಿಂತುಕೊಂಡು ಬರೆಯುತ್ತಿದ್ದೇನೆ. ಕೂತುಕೊಳ್ಳಲು ಜಾಗವಿಲ್ಲ, ಕುರ್ಚಿಯ ಮೇಲೆಲ್ಲ ಕಾಗದ ಹರಡಿದೆ. ಅದಕ್ಕಿಂತ ಹೆಚ್ಚಾಗಿ, ಕೂತರೆ ಕುಣಿಯಲಾಗುವುದಿಲ್ಲ. ಎಪ್ಪತ್ತಾರು ವರ್ಷದ ಹೆಂಗಸು ಕುಣಿಯುವುದು ನೋಡಲು ಚೆನ್ನಾಗಿರುವುದಿಲ್ಲ ಎಂದು ನೀನು ಹೇಳುತ್ತೀಯ. ನೋಡಲು ಇಲ್ಲಿ ಯಾರಿದ್ದಾರೆ?

ಉತ್ತರ ಬರೆಯಲು ತಡಮಾಡಿದ್ದಕ್ಕೆ ಈ ಸಲ ಕ್ಷಮೆ ಕೇಳುವುದಿಲ್ಲ. ಓದಿದ ಮೇಲೆ ನೀನೇ ಬೇಡ ಎನ್ನುತ್ತೀಯ.

ನಾನು ಪತ್ರಿಕೆಗೆ ಒಂದು ಖಾರವಾದ ಪತ್ರ ಬರೆದು ಹಾಕಿದ್ದೆ. ನನ್ನ ಹಳೇ ಪತ್ರಿಕೆಯೇ, ಆದ್ದರಿಂದ ಒಂದಕ್ಷರ ಕತ್ತರಿಸದೆ ಅಚ್ಚುಹಾಕಿದರು. ಅದನ್ನು ಓದಿ ಪಾತ್ರೆ ಬೀದಿಯ ಕಂಚುಗಾರ ಮನೆಗೆ ಬಂದ. ವಯಸ್ಸು ಎಂಬತ್ತರ ಹತ್ತಿರ. ತಾತ, ಅಪ್ಪ ಎಲ್ಲರೂ ಪಾತ್ರೆ ಬಡಿದವರೇ. ಕುರ್ಚಿ ತೋರಿಸಿದರೂ ಕೂರಲಿಲ್ಲ, ನನ್ನನ್ನು ಬೈಯಲೆಂದೇ ಬಂದವನ ಹಾಗಿದ್ದ.

"ಅಳಿಸಿಹೋಯ್ತು ಅಂತ ಬರೆದಿದೀರಲ್ಲ, ಒಳಗೆ ಕೈ ಹಾಕಿ ನೋಡಿದ್ರಾ?"

"ಒಳಗಾ?"

"ಹೆಸರು ಹೇಗೆ ಹೊಡೀತಾರೆ ಗೊತ್ತಾ ನಿಮಗೆ? ಉಳಿ ಇಟ್ಟು ಸುತ್ತಿಗೇಲಿ ಟಕ್ ಟಕ್ ಅಂತ. ಕತ್ತಿನ ಹತ್ರ ತಗಡು ತೆಳು. ಹೊರಗೆ ಗುಳಿ ಬಿತ್ತು ಅಂದ್ರೆ ಒಳಗೆ ಮೊಡವೆ ಎದ್ದೇ ಏಳುತ್ತೆ. ಅವರ ಚಕ್ರ ಹೊರಗೆ ಉಜ್ಜಿದೆ. ಒಳಗೆ ಹೋಗಿ ಉಜ್ಜೋಕೆ ಅವರೇನು ಇಲಿಮರಿನಾ?"

ಅಕ್ಕಾ, ನಾನು ಅವನ ಕಾಲಿಗೆ ಬೀಳುವುದೊಂದು ಬಾಕಿ. ಇಬ್ಬರೂ ಆಟೋ ಹತ್ತಿ ನೇರ ವಸ್ತುಸಂಗ್ರಹಾಲಯಕ್ಕೆ ಹೋದೆವು. ಮೊದಲ ಬಿಂದಿಗೆಯೊಳಗೆ ಕೈಯಿಟ್ಟೆ. ಮೊಡವೆಗಳು! ಸಾಲಾಗಿ, ಸಣ್ಣಗೆ, ಮುಟ್ಟಿದರೆ ಮರಳಿನ ಹಾಗೆ. ಬೆರಳು ಆಡಿಸುತ್ತಾ ಹೋದ ಹಾಗೆ ಒಂದು ಅಕ್ಷರ, ಇನ್ನೊಂದು ಅಕ್ಷರ. ಎಲ್ಲವೂ ತಿರುಗಾ ಮುರುಗಾ.

ಇಲ್ಲಿ ನನ್ನ ಹಣೆಬರಹವನ್ನು ಹೊಗಳಬೇಕು. ಕರಡು ತಿದ್ದುವ ಮೇಜಿಗೆ ಬರುವ ಮುಂಚೆ ಹನ್ನೊಂದು ವರ್ಷ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಸೀಸದ ಅಕ್ಷರವೆಂದರೆ ತಿರುಗಾ ಮುರುಗಾ ಅಕ್ಷರವೇ. ಅಷ್ಟು ವರ್ಷ ಕಣ್ಣಿಗಿಂತ ಹೆಚ್ಚು ಬೆರಳಿನಿಂದ ಓದಿದ್ದೇನೆ. ನಿರ್ದೇಶಕರು ಟಾರ್ಚ್ ಹಿಡಿದು, ಕನ್ನಡಿ ಹಿಡಿದು, ಮೊಬೈಲ್ ಒಳಗಿಟ್ಟು ಫೋಟೋ ತೆಗೆದು ಒದ್ದಾಡುತ್ತಿದ್ದಾಗ ನಾನು ಕಣ್ಣು ಮುಚ್ಚಿಕೊಂಡು ಹೆಸರು ಹೇಳಿದೆ. ಅವರು ನನ್ನನ್ನು ನೋಡಿದ ರೀತಿಯನ್ನು ನೀನು ನೋಡಬೇಕಿತ್ತು.

"ಮೇಡಂ, ಇದನ್ನ ಎಲ್ಲಿ ಕಲಿತ್ರಿ?"

"ಸಂಬಳ ಕೊಟ್ಟು ಕಲಿಸಿದ್ರು. ಈಗ ನೀವು ಬರ್ಕೊಳ್ಳಿ."

ನನ್ನ ಬಾಯಿಮಾತು ಸಾಕ್ಷಿಯಾಗುವುದಿಲ್ಲವಲ್ಲ, ಅದಕ್ಕೊಂದು ಉಪಾಯ ಮಾಡಿದೆವು. ತೆಳು ಕಾಗದವನ್ನು ಕತ್ತಿನ ಒಳಮೈಗೆ ಒತ್ತಿ ಹಿಡಿದು, ಇದ್ದಿಲ ಪುಡಿಯನ್ನು ಬೆರಳಿನಿಂದ ಮೆಲ್ಲಗೆ ಸವರಿದರೆ ಮೊಡವೆಗಳಷ್ಟೇ ಕಪ್ಪಾಗುತ್ತವೆ. ಕಾಗದ ಹೊರತೆಗೆದು ಹಿಂಬದಿಯಿಂದ ಬೆಳಕಿಗೆ ಹಿಡಿದರೆ ಹೆಸರು ನೇರವಾಗಿ ಕಾಣುತ್ತದೆ. ಮಗು ಕೂಡ ಓದಬಹುದು.

ನಿನ್ನೆ ಭಾನುವಾರ ಊರಿಗೇ ಕರೆಕೊಟ್ಟೆವು. ವಸ್ತುಸಂಗ್ರಹಾಲಯದ ಅಂಗಳದಲ್ಲಿ ಜಮಖಾನೆ ಹಾಸಿ ಪಾತ್ರೆಗಳನ್ನು ಇಟ್ಟೆವು. ಹತ್ತು ಜನ ಬಂದಾರು ಎಂದುಕೊಂಡಿದ್ದೆ. ನೂರಕ್ಕೂ ಮೇಲೆ ಬಂದರು. ಮೊಮ್ಮಕ್ಕಳ ಹೆಗಲು ಹಿಡಿದುಕೊಂಡು ಬಂದ ಅಜ್ಜಿಯಂದಿರು, ಅಂಗಡಿ ಮುಚ್ಚಿ ಬಂದ ಕ್ಷೌರಿಕ, ಗಾಲಿಕುರ್ಚಿಯಲ್ಲಿ ಬಂದ ನಿವೃತ್ತ ಪೋಸ್ಟ್‌ಮ್ಯಾನ್. ಒಂದೊಂದು ಪಾತ್ರೆಯೊಳಗೆ ಒಂದೊಂದು ಕೈ. ದೂರದಿಂದ ನೋಡಿದರೆ ಊರಿನವರೆಲ್ಲ ಸೇರಿ ಬಿಂದಿಗೆಯಲ್ಲಿ ಬಿದ್ದ ಉಂಗುರ ಹುಡುಕುತ್ತಿದ್ದಾರೆ ಎನ್ನಬೇಕು.

ತೊಂಬತ್ತು ದಾಟಿದ ಟೈಲರ್ ಅಜ್ಜಿಗೆ ಕಾಗದವೂ ಬೇಡ, ಇದ್ದಿಲೂ ಬೇಡ. ಸಾಲಿನ ಉದ್ದಕ್ಕೂ ನಡೆದು ಒಂದು ತಪ್ಪಲೆಯ ಮುಂದೆ ನಿಂತಳು. "ಇದು ನಮ್ಮದು. ಈ ಗುಳಿ ನಮ್ಮತ್ತೆ ಮಾಡಿದ್ದು. ನನ್ನ ಮೇಲೆ ಎಸೆದಿದ್ರು, ಗೋಡೆಗೆ ಬಿತ್ತು."

"ನಿಮ್ಮತ್ತೆ ಗುರಿ ಸರಿ ಇರ್ಲಿಲ್ಲ ಬಿಡಿ," ಎಂದ ಕ್ಷೌರಿಕ.

"ಗುರಿ ಸರಿಯಾಗೇ ಇತ್ತು ಕಣಪ್ಪ. ನಾನು ಬಗ್ಗಿದೆ!"

ಕಾಗದ ಒತ್ತಿ ನೋಡಿದರೆ ಅವಳ ಅತ್ತೆಯದೇ ಹೆಸರು. ಅಜ್ಜಿ ಕಾಗದವನ್ನು ಬಿಸಿಲಿಗೆ ಹಿಡಿದು ಓದಿ, "ಅಬ್ಬಾ, ಇಲ್ಲೂ ಬಂದ್ರಾ?" ಎಂದಳು. ನಕ್ಕು ನಕ್ಕು ಪೋಸ್ಟ್‌ಮ್ಯಾನ್‌ಗೆ ಕೆಮ್ಮು ಹತ್ತಿತು. ಅಜ್ಜಿ ಮಾತ್ರ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ನಿರ್ದೇಶಕರು ಕೋಟು ಬಿಚ್ಚಿಟ್ಟು ನೆಲದ ಮೇಲೆ ಕೂತು ಇದ್ದಿಲು ಸವರುತ್ತಿದ್ದರು. ಮೂಗಿನ ಮೇಲೆ ಕಪ್ಪು ಗೆರೆ. ನಾನು ಹೇಳಲಿಲ್ಲ, ಸಂಜೆ ಟಿವಿಯವರು ಬರುವ ತನಕ. ಇಷ್ಟಾದರೂ ಸೇಡು ಬೇಡವೇ? ಟಿವಿಯವರ ಮುಂದೆ ಅವರು ಒಂದು ಮಾತು ಹೇಳಿದರು: "ಹೊಳಪು ಕೊಡೋದೇ ನನ್ನ ಕೆಲಸ ಅಂದ್ಕೊಂಡಿದ್ದೆ. ತಪ್ಪು ಮಾಡಿದೆ." ಅಷ್ಟು ನೇರವಾಗಿ ತಪ್ಪೊಪ್ಪಿಕೊಂಡ ಸರ್ಕಾರಿ ಮನುಷ್ಯನನ್ನು ನಾನು ನಲವತ್ತು ವರ್ಷ ಪತ್ರಿಕೆಯಲ್ಲಿದ್ದರೂ ಕಂಡಿರಲಿಲ್ಲ. ಅವರನ್ನು ಕ್ಷಮಿಸಿದ್ದೇನೆ. ಮೂಗು ಒರೆಸಿಕೊಳ್ಳಲು ನನ್ನ ಕರವಸ್ತ್ರವನ್ನೇ ಕೊಟ್ಟೆ.

ಈಗ ಉಸಿರು ಹಿಡಿದುಕೋ.

ಅರವತ್ತೇಳನೆಯ ಬಿಂದಿಗೆ. ಮಧ್ಯಾಹ್ನ ಮೂರೂವರೆ. ಕಂಚುಗಾರ ಅದನ್ನು ನನ್ನ ಮುಂದೆ ಉರುಳಿಸಿದ. ಕೈ ಹಾಕಿದೆ. ಮೊದಲ ಅಕ್ಷರ ಸಿಕ್ಕಾಗ ಏನೂ ಅನ್ನಿಸಲಿಲ್ಲ, ಆ ಅಕ್ಷರದ ಹೆಂಗಸರು ಊರಿನಲ್ಲಿ ನೂರು ಜನ. ಎರಡನೆಯದಕ್ಕೆ ಬೆರಳು ನಿಂತಿತು. ಮೂರನೆಯದು ಮುಟ್ಟುವಾಗ ನನಗೇ ಗೊತ್ತಿಲ್ಲದೆ ಜೋರಾಗಿ ಓದಿಬಿಟ್ಟೆ. ಅಮ್ಮನ ಹೆಸರು, ಅದರ ಮುಂದೆ ಅವಳ ತವರಿನ ಮನೆಯ ಹೆಸರು. ಟೈಲರ್ ಅಜ್ಜಿ ಎಲ್ಲರ ಕಡೆ ತಿರುಗಿ, "ಕೊಟ್ಟಿದೀನಿ ಅಂತಿದ್ಲು. ಕೊಟ್ಟಿದ್ಲು ನೋಡಿ," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕಾ. ನಮ್ಮಮ್ಮನಿಗೆ ಊರು ಚಪ್ಪಾಳೆ ತಟ್ಟಿತು.

ಸಂಜೆಯೊಳಗೆ ಪಟ್ಟಿಯ ಹದಿನಾಲ್ಕು ಮನೆಗಳಲ್ಲಿ ಹನ್ನೊಂದರ ಪಾತ್ರೆ ಸಿಕ್ಕಿದವು. ಉಳಿದ ಮೂರೂ ಸಿಗುತ್ತವೆ, ಇನ್ನೂ ನಲವತ್ತು ಪಾತ್ರೆ ಬಾಕಿ ಇವೆ.

ಇವತ್ತು ಬೆಳಿಗ್ಗೆ ಹನ್ನೊಂದು ಕಾಗದಗಳನ್ನೂ ತೆಗೆದುಕೊಂಡು ನಗರಸಭೆಗೆ ಹೋದೆ. ದಾಖಲೆ ವಿಭಾಗದ ಅಧಿಕಾರಿ ಕಣ್ಣಾಡಿಸಿ, "ಹಳೇ ವಿಷಯ ಬಿಡಿ ಮೇಡಂ. ಆಗಿನವರು ಈಗ ಯಾರಿದಾರೆ?" ಎಂದರು.

"ನಾನಿದೀನಲ್ಲ."

"ಅಲ್ಲ, ನಮ್ಮ ಕಡೆಯವರು..."

"ನಿಮ್ಮ ಕಡೆಯವರು ಗೋಡೆ ಕಟ್ಟಿ ಹೋದ್ರು. ಅದನ್ನ ಒಡೆದವರೂ ನಿಮ್ಮ ಕಡೆಯವರೇ. ಮಧ್ಯದಲ್ಲಿ ಇರೋದು ನೀವೇ."

ಮೇ ಹನ್ನೊಂದನೇ ತಾರೀಖು, ಭಾನುವಾರ ಬೆಳಿಗ್ಗೆ ಪುರಭವನದಲ್ಲಿ ಸಭೆ. ಪಾತ್ರೆಗಳು, ಕಾಗದಗಳು, ನನ್ನ ಸಂಗ್ರಹದಿಂದ ಒಂದು ಕೋಣೆಯಷ್ಟು ಸಾಮಾನು, ಎಲ್ಲವೂ ಅಲ್ಲಿರುತ್ತವೆ. ನಗರಸಭೆಯ ಅಧ್ಯಕ್ಷರು ಬರುತ್ತಾರೆ, ಬರದೆ ಇರಲು ಧೈರ್ಯ ಸಾಲದು. ನೀನು ಬರಲೇಬೇಕು. ಮಂಡಿಗೆ ಕಾರು ಕಳಿಸುತ್ತೇನೆ. ಭಾವನವರನ್ನೂ ಕರೆತಾ, ಕೂರಲು ಒಂದು ಕುರ್ಚಿ ಖಾಲಿ ಮಾಡುವ ಭರವಸೆ ಕೊಡುತ್ತೇನೆ.

ಮಕ್ಕಳು ನೂರು ವರ್ಷ ಬಾಳಲಿ. ನಿನ್ನ ಕೈ ನನ್ನ ತಲೆಯ ಮೇಲೆ ಇದೆ ಎಂದುಕೊಂಡೇ ಮುಗಿಸುತ್ತೇನೆ.

ನಿನ್ನ
ಪಿಟೀಲು

ಮರೆತಿದ್ದು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ರಸೀದಿ ಪುಸ್ತಕ ಮುಗಿದ ಮೇಲೆ ಪಾತ್ರೆ ಕೊಟ್ಟ ಮನೆಗಳು ನಲವತ್ತಕ್ಕೂ ಹೆಚ್ಚು. ಪಟ್ಟಿಗೆ ಬಂದದ್ದು ಹದಿನಾಲ್ಕೇ. ಏಕೆ ಎಂದು ನೀನು ಯಾವತ್ತಾದರೂ ಯೋಚಿಸಿದ್ದೀಯಾ? ಆ ವಾರ ನಮ್ಮ ಶಾಲೆಗೆ ನಗರಸಭೆಯ ಇಬ್ಬರು ಬಂದಿದ್ದರು. ಯಾರ ಮನೆಯಲ್ಲಿ ಪಾತ್ರೆ ಬಚ್ಚಿಟ್ಟಿದ್ದಾರೆ ಎಂದು ಹೇಳಿದ ಮಕ್ಕಳಿಗೆ ತಗಡಿನ ಪದಕ ಕೊಡುತ್ತೇವೆ ಎಂದರು. ನಾನು ಕೈಯೆತ್ತಿದೆ. "ನಮ್ಮಮ್ಮ ಬಿಂದಿಗೇನ ಚೀಲಕ್ಕೆ ಹಾಕ್ಕೊಂಡು ಹಿಂದಿನ ಬಾಗಿಲಿಂದ ಎಲ್ಲೋ ತಗೊಂಡ್ ಹೋದ್ರು" ಎಂದೆ. ನೋಡಿದ್ದು ನಿಜ. ತವರಿನ ಬಿಂದಿಗೆ ಕೊಡುವಾಗ ಕಣ್ಣಲ್ಲಿ ನೀರು ಬಂದದ್ದನ್ನು ಬೀದಿಯವರು ನೋಡಬಾರದೆಂದು ಅವಳು ಹಾಗೆ ಹೋಗಿದ್ದಳು ಎಂದು ಬಹಳ ವರ್ಷದ ಮೇಲೆ ತಿಳಿಯಿತು. ಪದಕ ಕೊಟ್ಟರು. ಮಕ್ಕಳು ಬೆರಳು ತೋರಿಸಿದ ಮನೆಗಳಷ್ಟೇ ಪಟ್ಟಿಗೆ ಏರಿದವು. ನನ್ನ ಸಂಗ್ರಹದ ಒಂದನೇ ನಂಬರಿನ ವಸ್ತು ಅದೇ. ನಿನಗೆ ತೋರಿಸಿಲ್ಲ.

ಮಗಳೇ ಹೇಳಿದ್ದು ಎಂದು ಅಮ್ಮನಿಗೆ ಕಚೇರಿಯಲ್ಲಿ ಯಾರೋ ಹೇಳಿದರು. ನೀನು ಸ್ವಯಂಸೇವಕರ ದಳದಲ್ಲಿದ್ದೆ, ಪಾತ್ರೆ ಕೇಳಲು ಮನೆಮನೆಗೆ ಹೋಗುತ್ತಿದ್ದೆ. ಅವಳು ನಿನ್ನನ್ನೇ ಅಂದುಕೊಂಡಳು. ನಿನ್ನ ಮದುವೆಯ ದಿನವೂ ನಿನ್ನೊಡನೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ನೀನು ಒಂದು ಸಲವೂ "ನಾನಲ್ಲ" ಎನ್ನಲಿಲ್ಲ. ಯಾರೆಂದು ನಿನಗೆ ಗೊತ್ತಿತ್ತೇ, ಅಕ್ಕಾ? ಇಷ್ಟು ವರ್ಷ ಕೇಳಲಾಗಲಿಲ್ಲ. ಅಮ್ಮನ ಮುಂದೆ ಹೇಳಲು ನನಗೆ ಮೂವತ್ತು ವರ್ಷ ಸಮಯವಿತ್ತು, ಹೇಳಲಿಲ್ಲ.

ಆದ್ದರಿಂದ ಹನ್ನೊಂದರಂದು ಪುರಭವನದಲ್ಲಿ ಮೊದಲು ಏಳುವವಳು ನಾನೇ. ಪದಕ ಕೈಯಲ್ಲಿ ಹಿಡಿದು, ಮೈಕಿನ ಮುಂದೆ, ನನ್ನ ಪಾಲಿನ ಉತ್ತರ ಕೊಡುತ್ತೇನೆ. ನೀನು ಮೊದಲ ಸಾಲಿನಲ್ಲಿ ಕೂತಿರಬೇಕು, ಊರು ನಿನ್ನ ಮುಖವನ್ನೂ ನೋಡಬೇಕು. ನಾನು ಕೂತ ಮೇಲೆ ನಗರಸಭೆ ಏಳಲಿ. ಅವರಿಗೆ ನನ್ನ ಪ್ರಶ್ನೆಗಳು ಇವು: ಇನ್ನೂರ ಹನ್ನೆರಡು ಹೆಂಗಸರು ಕೊಟ್ಟ ಪಾತ್ರೆಗಳನ್ನು ನೀವು ಯಾಕೆ ಕರಗಿಸಲಿಲ್ಲ? ಗೋಡೆ ಕಟ್ಟಿ ಮುಚ್ಚಲು ಯಾರು ಹೇಳಿದರು? ಕೊಟ್ಟವರ ಹೆಸರು ನಿಮ್ಮ ಗೋಡೆಯ ಹಿಂದೆ ಪಾತ್ರೆಗಳ ಮೇಲೇ ಇರುವಾಗ, ಹನ್ನೊಂದು ವರ್ಷದ ಮಗುವಿನ ಮಾತು ಕೇಳಿ ಅವರನ್ನು ಕೊಡದವರು ಎಂದು ಹಲಗೆಗೆ ಅಂಟಿಸಿದ್ದು ಯಾರು? ಬರಹದಲ್ಲಿ ಬೇಡ, ಕಡತದಲ್ಲಿ ಬೇಡ. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿ.